ಸ್ಲೋಡೈವ್: ದೊಡ್ಡ ಶಬ್ದದೊಳಗಿನ ಚಿಕ್ಕ ಹಾಡುಗಳು

ಇಂಗ್ಲೆಂಡಿನ ಸ್ಲೋಡೈವ್ ತಂಡದ ಸಂಗೀತದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಂಜು, ಮೋಡ, ಅಲೆ, ಕನಸು ಎಂಬ ನಾಲ್ಕೈದು ಪದಗಳನ್ನೇ ಹಿಂದೆ ಮುಂದೆ ಮಾಡಿ ಬಳಸುತ್ತಾರೆ. ಆ ಪದಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಈ ತಂಡವನ್ನು ಬಹಳ ಕಾಲದಿಂದ ಕೇಳುತ್ತ ಬಂದಿರುವ ನನಗೆ, ಅವುಗಳಿಂದ ಈ ಸಂಗೀತದ ಮೇಲುಹೊದಿಕೆಯಷ್ಟೇ ವರ್ಣನೆಯಾಗುತ್ತದೆ ಎನ್ನಿಸುತ್ತದೆ. ಮಂಜಿನಂಥ ಶಬ್ದವನ್ನು ಎಬ್ಬಿಸುವುದು ಈಗ ಯಾರಿಗೂ ಕಷ್ಟವಲ್ಲ. ಒಂದು ಗಿಟಾರು, ಅದರ ಶಬ್ದವನ್ನು ಬದಲಿಸುವ ಎರಡು ಪೆಡಲು, ಒಂದು ಲ್ಯಾಪ್‌ಟಾಪು ಇದ್ದರೆ ಮನೆಯಲ್ಲೇ ಕುಳಿತು ಮಾಡಬಹುದು, ಸಾವಿರಾರು ಮಂದಿ ಮಾಡುತ್ತಲೂ ಇದ್ದಾರೆ. ಅವರಲ್ಲಿ ಬಹುಪಾಲು ಜನರ ಹಾಡುಗಳು ಮರುದಿನವೇ ಮರೆತುಹೋಗುವಾಗ ಸ್ಲೋಡೈವ್ ಮೂವತ್ತು ವರ್ಷಗಳ ನಂತರವೂ ಏಕೆ ಉಳಿದಿದೆ ಎಂದು ಕೇಳಿಕೊಂಡರೆ, ಉತ್ತರ ಆ ಹೊದಿಕೆಯ ಕೆಳಗೆ ಇದೆ. ಅಲ್ಲಿ ಪ್ರತಿ ಸಲವೂ ಒಂದು ಸರಳವಾದ, ಗುನುಗಬಹುದಾದ, ಮೂರು ನಾಲ್ಕು ಸ್ವರಮೇಳಗಳಲ್ಲೇ ಮುಗಿಯುವ ಚಿಕ್ಕ ಹಾಡು ಇರುತ್ತದೆ.

ನಮ್ಮಲ್ಲಿ ಹಾಡು ಕೇಳುವ ಅಭ್ಯಾಸ ರೂಪುಗೊಂಡದ್ದೇ ಬೇರೆ ರೀತಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮುಂತಾದವರ ಭಾವಗೀತೆಗಳನ್ನು ಕೇಳಿ ಬೆಳೆದ ಕಿವಿಗೆ, ಹಾಡುವವರ ದನಿ ಮುಂದೆ, ವಾದ್ಯ ಹಿಂದೆ. ಕವಿಯ ಒಂದು ಅಕ್ಷರವೂ ನುಂಗಿಹೋಗಬಾರದು. ಒತ್ತಕ್ಷರ ತಪ್ಪಿದರೆ ಸಭೆಯಲ್ಲಿ ಯಾರಾದರೂ ಹುಬ್ಬು ಗಂಟಿಕ್ಕುತ್ತಾರೆ. ಸ್ಲೋಡೈವ್ ಈ ಕ್ರಮವನ್ನು ಪೂರ್ತಿ ತಿರುಗಿಸುತ್ತದೆ. ಇಲ್ಲಿ ದನಿಯು ಗಿಟಾರುಗಳ ಸಾಲಿನಲ್ಲೇ, ಕೆಲವೊಮ್ಮೆ ಅವುಗಳ ಹಿಂದೆ ನಿಲ್ಲುತ್ತದೆ. ಅರ್ಧ ಪದಗಳು ಕೇಳಿಸುತ್ತವೆ, ಉಳಿದರ್ಧವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಇದನ್ನು ಧ್ವನಿಮುದ್ರಣದ ದೋಷವೆಂದು ಭಾವಿಸುವವರಿದ್ದಾರೆ, ಆದರೆ ಅದು ತಂಡದವರು ಬೇಕೆಂದೇ ಮಾಡಿದ ಆಯ್ಕೆ. ಹಾಗೆಂದು ನಮ್ಮ ಕಿವಿಗೆ ಇದು ಸಂಪೂರ್ಣ ಪರಕೀಯವೂ ಅಲ್ಲ. ಆಲಾಪನೆಯಲ್ಲಿ ಪದಗಳೇ ಇಲ್ಲವೆಂದು ನಾವಾರೂ ದೂರುವುದಿಲ್ಲವಲ್ಲ.

ತಂಡದ ಹುಟ್ಟಿನ ಕಥೆ ಚಿಕ್ಕದು. ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್‌ನಲ್ಲಿ ಬಾಲ್ಯದಿಂದಲೂ ಗೆಳೆಯರಾಗಿದ್ದ ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗಾಸ್ವೆಲ್ 1989ರಲ್ಲಿ ಇದನ್ನು ಕಟ್ಟಿದರು. ಇಬ್ಬರೂ ಹಾಡುತ್ತಿದ್ದರು, ಇಬ್ಬರೂ ಗಿಟಾರು ನುಡಿಸುತ್ತಿದ್ದರು. ಮೂರನೆಯ ಗಿಟಾರಿಗೆ ಕ್ರಿಶ್ಚಿಯನ್ ಸ್ಯಾವಿಲ್, ಬೇಸ್ ಗಿಟಾರಿಗೆ ನಿಕ್ ಚಾಪ್ಲಿನ್ ಬಂದರು. ಡ್ರಮ್ಸ್ ಸ್ಥಾನ ಕೆಲಕಾಲ ಕೈ ಬದಲಾಯಿಸಿ ಸೈಮನ್ ಸ್ಕಾಟ್ ಅವರಲ್ಲಿ ನೆಲೆನಿಂತಿತು. ಇಪ್ಪತ್ತು ವರ್ಷ ಆಚೀಚಿನ ಈ ಹುಡುಗ ಹುಡುಗಿಯರನ್ನು ಅಲನ್ ಮೆಗೀ ಅವರ ಕ್ರಿಯೇಶನ್ ರೆಕಾರ್ಡ್ಸ್ ಸಂಸ್ಥೆ ಬೇಗನೆ ಸೇರಿಸಿಕೊಂಡಿತು. ಮೈ ಬ್ಲಡಿ ವ್ಯಾಲೆಂಟೈನ್, ಆಕ್ಸ್‌ಫರ್ಡಿನ ರೈಡ್ ತಂಡಗಳು ಆಗ ಅದೇ ಸಂಸ್ಥೆಯಲ್ಲಿದ್ದವು. ವೇದಿಕೆಯ ಮೇಲೆ ಪ್ರೇಕ್ಷಕರ ಕಡೆಗೆ ನೋಡದೆ ಕಾಲ ಬಳಿಯ ಪೆಡಲುಗಳನ್ನೇ ನೋಡುತ್ತ ನಿಲ್ಲುತ್ತಿದ್ದ ಇಂಥ ತಂಡಗಳಿಗೆ ಅಲ್ಲಿನ ಸಂಗೀತ ಪತ್ರಿಕೆಗಳು ಶೂಗೇಜ್, ಅಂದರೆ ಬೂಟು ನೋಡುವುದು, ಎಂಬ ಹೆಸರನ್ನು ಹಾಸ್ಯಕ್ಕೆ ಇಟ್ಟವು, ಹೆಸರು ಅಂಟಿಕೊಂಡಿತು.

ಆ ಪೆಡಲುಗಳಲ್ಲಿ ನಡೆಯುತ್ತಿದ್ದ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಸಂಗೀತದ ಮೋಹ ಶುರುವಾಗುವುದು ಅಲ್ಲಿಂದ. ಗಿಟಾರು ಮೂಲತಃ ಮೀಟಿ ನುಡಿಸುವ ವಾದ್ಯ. ತಂತಿಯನ್ನು ಮೀಟಿದ ಕ್ಷಣದಲ್ಲಿ ಒಂದು ಚೂಪಾದ ಸದ್ದು ಎದ್ದು, ನಂತರ ಸ್ವರ ನಿಧಾನವಾಗಿ ಇಳಿಯುತ್ತದೆ. ಇದು ಗಿಟಾರು ಎಂದು ಕಿವಿಗೆ ಗೊತ್ತಾಗುವುದೇ ಬಹುಮಟ್ಟಿಗೆ ಆ ಮೊದಲ ಚೂಪಿನಿಂದ. ಶೂಗೇಜ್ ತಂಡಗಳು ಮಾಡಿದ ಮುಖ್ಯ ಕೆಲಸವೆಂದರೆ ಆ ಚೂಪನ್ನು ಅಳಿಸಿದ್ದು. ಸ್ವರವನ್ನು ಹಲವು ಬಾರಿ ಮರುಕಳಿಸುವ ಡಿಲೇ, ಒಂದೇ ಸ್ವರವನ್ನು ಕೊಂಚ ಕೊಂಚ ಶ್ರುತಿ ಸರಿಸಿ ಹಲವು ಪದರಗಳಾಗಿಸುವ ಕೋರಸ್, ದೊಡ್ಡ ಸಭಾಂಗಣದ ಅನುರಣನವನ್ನು ಕೊಡುವ ರಿವರ್ಬ್, ಇವುಗಳನ್ನು ಒಂದರ ಮೇಲೊಂದು ಹರಿಸಿದರೆ ಮೀಟಿದ ಗುರುತು ಮಾಯವಾಗಿ, ಗಿಟಾರು ಪಿಟೀಲುಗಳ ಗುಂಪಿನಂತೆಯೋ ಚರ್ಚಿನ ಆರ್ಗನ್ನಿನಂತೆಯೋ ಏರಿಳಿಯತೊಡಗುತ್ತದೆ. ನಮಗೆ ಪರಿಚಿತವಾದ ಒಂದು ಉದಾಹರಣೆ ಕೊಡುವುದಾದರೆ, ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾವ ಬೆರಳು ಯಾವ ತಂತಿಯನ್ನು ಯಾವಾಗ ಮುಟ್ಟಿತೆಂಬುದು ಮರೆತುಹೋಗಿ ಝೇಂಕಾರ ಮಾತ್ರ ಉಳಿಯುವಂತೆ.

ಸ್ಲೋಡೈವ್ ಈ ವಿಷಯದಲ್ಲಿ ಒಂದು ನಿರ್ದಿಷ್ಟ ಯಂತ್ರಕ್ಕೆ ಋಣಿಯಾಗಿದೆ. ಯಮಹಾ ಎಫ್‌ಎಕ್ಸ್‌500 ಎಂಬ ಎಫೆಕ್ಟ್ಸ್ ಪೆಟ್ಟಿಗೆಯಲ್ಲಿ ಕಾರ್ಖಾನೆಯಿಂದಲೇ ಬರುತ್ತಿದ್ದ ಸಾಫ್ಟ್ ಫೋಕಸ್ ಎಂಬ ಒಂದು ಜೋಡಣೆಯನ್ನು ಅವರು ಹೇರಳವಾಗಿ ಬಳಸಿದರು. ಇಂದಿಗೂ ಆ ಹಳೆಯ ಪೆಟ್ಟಿಗೆಯನ್ನು ಹುಡುಕಿಕೊಂಡು ಕೊಳ್ಳುವ ಗಿಟಾರು ವಾದಕರಿದ್ದಾರೆ, ಅದೇ ಧ್ವನಿಯನ್ನು ಕೊಡುವ ಹೊಸ ಪೆಡಲುಗಳೂ ಮಾರುಕಟ್ಟೆಗೆ ಬಂದಿವೆ. ಅವನ್ನು ಕೊಂಡವರೆಲ್ಲ ಸ್ಲೋಡೈವ್ ಆಗಲಿಲ್ಲ ಎಂಬುದೂ ಅಷ್ಟೇ ಸತ್ಯ. ಮೂರು ಗಿಟಾರುಗಳು ಹೀಗೆ ಹರಡಿಕೊಂಡಾಗ ಹಾಡು ನೆಲೆ ತಪ್ಪಿ ಕರಗಿಹೋಗುವ ಅಪಾಯ ದೊಡ್ಡದು. ಅದನ್ನು ತಡೆಯುತ್ತಿದ್ದದ್ದು ಚಾಪ್ಲಿನ್ ಅವರ ಬೇಸ್. ಹೆಡ್‌ಫೋನ್ ಹಾಕಿಕೊಂಡು ಅದೊಂದನ್ನೇ ಹಿಂಬಾಲಿಸಿ ನೋಡಿ. ಮೇಲೆ ಎಷ್ಟೇ ಗದ್ದಲವಿರಲಿ, ಕೆಳಗೆ ಅದು ಯಾವ ಅವಸರವೂ ಇಲ್ಲದೆ ಹಾಡಿನ ದಾರಿಯನ್ನು ತೋರಿಸುತ್ತ ಹೋಗುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಈ ತಂಡವನ್ನು ಕೇಳಿ ನಿರಾಶರಾದವರ ಬಗ್ಗೆ ನನಗೆ ಸಹಾನುಭೂತಿಯಿದೆ, ಏಕೆಂದರೆ ಆ ಸ್ಪೀಕರಿನಲ್ಲಿ ಮೊದಲು ಕಾಣೆಯಾಗುವುದೇ ಈ ಬೇಸ್.

ಈ ಶಬ್ದಕ್ಕೆ ಇಬ್ಬರು ಪೂರ್ವಿಕರಿದ್ದಾರೆ. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಿಂದ ಬಂದ ಕಾಕ್ಟೋ ಟ್ವಿನ್ಸ್ ತಂಡದಲ್ಲಿ ರಾಬಿನ್ ಗತ್ರಿ ಅವರ ಗಿಟಾರು ಆಗಲೇ ಮಿನುಗುವ ಪರದೆಯಾಗಿತ್ತು, ಎಲಿಜ಼ಬೆತ್ ಫ್ರೇಜ಼ರ್ ಅವರು ಅರ್ಥದ ಹಂಗಿಲ್ಲದ ಉಲಿಗಳನ್ನು ಪದಗಳಂತೆ ಹಾಡುತ್ತಿದ್ದರು. ಡ್ರೀಮ್ ಪಾಪ್ ಎಂದು ಕರೆಯಲಾಗುವ ಧಾರೆಯ ಮೂಲ ಅದು. ಇನ್ನೊಂದು ಕಡೆ ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್, ತಂತಿಗಳ ಬಿಗಿಯನ್ನು ಬದಲಿಸುವ ಗಿಟಾರಿನ ಟ್ರೆಮೊಲೊ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿಗಳನ್ನು ಬಾರಿಸಿ, ಇಡೀ ಸ್ವರಮೇಳವೇ ತೂಗಾಡುವಂತೆ ಮಾಡಿದರು. 1991ರ ಅವರ ಆಲ್ಬಮ್ ಲವ್‌ಲೆಸ್ ಆ ಪ್ರಯೋಗದ ತುದಿ. ಸ್ಲೋಡೈವ್ ಈ ಎರಡರ ನಡುವೆ ನಿಂತಿತು ಎಂದು ಹೇಳುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಅವರಲ್ಲಿ ಈ ಇಬ್ಬರಲ್ಲೂ ಇಲ್ಲದ ಒಂದು ಗುಣವಿದೆ. ಶೀಲ್ಡ್ಸ್ ಅವರಿಗೆ ಶಬ್ದವೇ ಗುರಿ, ಫ್ರೇಜ಼ರ್ ಅವರಿಗೆ ಕಂಠವೇ ಗುರಿ, ಹಾಲ್‌ಸ್ಟೆಡ್ ಅವರಿಗೆ ಹಾಡೇ ಗುರಿ. ಅವರು ಸ್ವಭಾವತಃ ಜಾನಪದ ಗಾಯಕರ ಜಾಯಮಾನದವರು. ಒಂದು ಅಕೂಸ್ಟಿಕ್ ಗಿಟಾರಿನೊಂದಿಗೆ ಕುಳಿತು ಹಾಡಿದರೂ ನಿಲ್ಲುವಂಥದ್ದನ್ನು ಬರೆದು, ಆಮೇಲೆ ಅದನ್ನು ಶಬ್ದದೊಳಗೆ ಇಳಿಬಿಡುತ್ತಾರೆ.

ಇದಕ್ಕೆ ನನಗೆ ತೋರುವ ಅತ್ಯುತ್ತಮ ನಿದರ್ಶನ ಅವರ ಸ್ವಂತ ರಚನೆಯಲ್ಲ. ಜೇಮ್ಸ್ ಜಾಯ್ಸ್ ಅವರ ಒಂದು ಪುಟ್ಟ ಕವಿತೆಗೆ ಪಿಂಕ್ ಫ್ಲಾಯ್ಡ್‌ನ ಸಿಡ್ ಬ್ಯಾರೆಟ್ ರಾಗ ಕೂಡಿಸಿದ್ದ ಗೋಲ್ಡನ್ ಹೇರ್ ಎಂಬ ಹಾಡನ್ನು ಸ್ಲೋಡೈವ್ 1991ರಲ್ಲಿ ಧ್ವನಿಮುದ್ರಿಸಿತು. ವೇದಿಕೆಯ ಮೇಲೆ ಅದನ್ನು ಹೆಚ್ಚಾಗಿ ಕಛೇರಿಯ ಕೊನೆಗೆ ನುಡಿಸುತ್ತಾರೆ. ಆರಂಭದಲ್ಲಿ ಗಾಸ್ವೆಲ್ ಅವರ ದನಿ ಬಹುತೇಕ ಒಂಟಿಯಾಗಿ, ನಿಧಾನವಾಗಿ, ಕವಿತೆಯ ಪ್ರತಿ ಪದವೂ ಸ್ಪಷ್ಟವಾಗಿ ಕೇಳುವಂತೆ ಬರುತ್ತದೆ. ಪದಗಳು ಕೆಲವೇ ಸಾಲುಗಳಲ್ಲಿ ತೀರುತ್ತವೆ. ಆಮೇಲೆ ಗಿಟಾರುಗಳು ಅದೇ ರಾಗದ ನೆಲೆಯ ಮೇಲೆ ಒಂದೊಂದೇ ಪದರವನ್ನು ಸೇರಿಸುತ್ತ, ಕೆಲವು ನಿಮಿಷಗಳ ಕಾಲ ಏರುತ್ತಲೇ ಹೋಗುತ್ತವೆ. ಕವಿತೆ ಮುಗಿದಿದ್ದರೂ ಅದು ಇನ್ನೂ ನಡೆಯುತ್ತಿದೆ ಎಂದು ಅನ್ನಿಸುತ್ತಿರುತ್ತದೆ. ಪದಗಳನ್ನು ಈ ತಂಡ ಕಡೆಗಣಿಸುತ್ತದೆ ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

1991ರ ಮೊದಲ ಆಲ್ಬಮ್ ಜಸ್ಟ್ ಫಾರ್ ಎ ಡೇ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಕ್ಯಾಚ್ ದ ಬ್ರೀಜ಼್‌ನ ಕೊನೆಯ ಭಾಗದ ಏರಿಕೆ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ಒಟ್ಟಾರೆ ಆಲ್ಬಮ್ಮಿನಲ್ಲಿ ಗಾಂಭೀರ್ಯದ ತೂಕ ಹೆಚ್ಚು, ಹಾಡುಗಳ ಆಸ್ತಿ ಕಡಿಮೆ. ಅದಕ್ಕೂ ಹಿಂದಿನ ಇಪಿಯಲ್ಲಿದ್ದ (ಕೆಲವೇ ಹಾಡುಗಳ ಚಿಕ್ಕ ಮುದ್ರಿಕೆ) ಅವಲಿನ್ ನನಗೆ ಹೆಚ್ಚು ಪ್ರಿಯ.

ಎರಡನೆಯ ಆಲ್ಬಮ್ ಸುವ್ಲಾಕಿ ಬಂದದ್ದು 1993ರಲ್ಲಿ. ಅದರ ಹಿಂದೆ ಎರಡು ಸಂಗತಿಗಳಿವೆ. ಆಲ್ಬಮ್ಮಿಗೆಂದು ತಂಡ ಮೊದಲು ಸಿದ್ಧಪಡಿಸಿದ್ದ ಹಾಡುಗಳ ದೊಡ್ಡ ರಾಶಿಯನ್ನು ಮೆಗೀ ಸಾರಾಸಗಟಾಗಿ ತಿರಸ್ಕರಿಸಿದರು, ಎಲ್ಲವನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಬರೆಯಬೇಕಾಯಿತು. ಜೊತೆಗೆ, ಒಂದು ಕಾಲಕ್ಕೆ ಪ್ರೇಮಿಗಳಾಗಿದ್ದ ಹಾಲ್‌ಸ್ಟೆಡ್ ಮತ್ತು ಗಾಸ್ವೆಲ್ ಬೇರೆಯಾಗಿದ್ದರು. ಹಾಲ್‌ಸ್ಟೆಡ್ ಕೆಲಕಾಲ ವೇಲ್ಸ್‌ನ ಒಂದು ಮನೆಗೆ ಹೋಗಿ ಒಂಟಿಯಾಗಿದ್ದು ಬರೆದು ತಂದ ಹಾಡುಗಳು ಇದರಲ್ಲಿವೆ. ಆ ಅಗಲಿಕೆಯ ಹಾಡುಗಳನ್ನು ಅಗಲಿದ ಇಬ್ಬರೂ ಕೂಡಿಯೇ ಹಾಡಿದ್ದಾರೆ ಎಂಬುದನ್ನು ಮರೆತು ಈ ಆಲ್ಬಮ್ ಕೇಳುವುದು ನನಗೆ ಸಾಧ್ಯವಾಗಿಲ್ಲ. ಆದರೂ ಇಲ್ಲಿ ಗೋಳಾಟವಿಲ್ಲ. ಇಬ್ಬರ ದನಿಗಳೂ ಒತ್ತಡವಿಲ್ಲದೆ, ಭಾವವನ್ನು ಅಭಿನಯಿಸದೆ, ಒಂದರ ಪಕ್ಕ ಒಂದು ಸಾಗುತ್ತವೆ. ಮಷೀನ್ ಗನ್ ಹಾಡಿನಲ್ಲಿ ಗಾಸ್ವೆಲ್ ಅವರ ದನಿ ಎತ್ತರದಲ್ಲಿ ತೇಲುತ್ತಿದ್ದು, ಹಾಲ್‌ಸ್ಟೆಡ್ ಅವರ ದನಿ ಬಂದಾಗ ಹಾಡು ಒಮ್ಮೆಲೇ ನೆಲಕ್ಕಿಳಿಯುತ್ತದೆ. ಒಂದೇ ಹಾಡಿನೊಳಗೆ ಎರಡು ಹವೆಗಳಿವೆ.

ಹೆಸರಾಂತ ಇಂಗ್ಲಿಷ್ ಸಂಗೀತಕಾರ, ನಿರ್ಮಾಪಕ ಬ್ರಯನ್ ಈನೋ ಈ ಆಲ್ಬಮ್ಮಿನೊಳಗೆ ಬಂದ ಬಗೆ ಸ್ವಾರಸ್ಯಕರವಾಗಿದೆ. ಆಲ್ಬಮ್ಮನ್ನು ನಿರ್ಮಿಸಿಕೊಡಬೇಕೆಂದು ಹಾಲ್‌ಸ್ಟೆಡ್ ಅವರೇ ಈನೋಗೆ ಪತ್ರ ಬರೆದರು. ನಿರ್ಮಾಪಕನಾಗಿ ಬರಲು ಒಲ್ಲೆನೆಂದ ಈನೋ, ಜೊತೆಗೂಡಿ ಕೆಲಸ ಮಾಡಲು ಒಪ್ಪಿದರು. ಸಿಂಗ್ ಮತ್ತು ಹಿಯರ್ ಶೀ ಕಮ್ಸ್ ಎಂಬ ಎರಡು ಹಾಡುಗಳಲ್ಲಿ ಅವರ ಕೀಬೋರ್ಡು ಇದೆ. ಎರಡೂ ಆಲ್ಬಮ್ಮಿನ ನಡುಭಾಗದಲ್ಲಿ ಒಂದರ ಹಿಂದೊಂದು ಬರುತ್ತವೆ, ಗಿಟಾರುಗಳ ಭಾರ ಅಲ್ಲಿ ತಗ್ಗಿ ಗಾಳಿಯಾಡುತ್ತದೆ. ಅವುಗಳ ನಂತರ ಬರುವ ಸುವ್ಲಾಕಿ ಸ್ಪೇಸ್ ಸ್ಟೇಷನ್‌ನಲ್ಲಿ ಜಮೈಕಾದ ಡಬ್ ಸಂಗೀತದ ಪ್ರಭಾವ ಎದ್ದು ಕಾಣುತ್ತದೆ: ಭಾರವಾದ ಬೇಸ್, ಸುತ್ತಿ ಸುತ್ತಿ ಮರಳುವ ಪ್ರತಿಧ್ವನಿ, ಎಲ್ಲೋ ದೂರದಲ್ಲಿ ಪದಗಳಾಗಲು ನಿರಾಕರಿಸುವ ದನಿ. ಆಮೇಲೆ ವೆನ್ ದ ಸನ್ ಹಿಟ್ಸ್. ಈ ತಂಡದ ಹಾಡುಗಳಲ್ಲಿ ಇದೇ ಅತಿ ಹೆಚ್ಚು ಜನರನ್ನು ತಟ್ಟಿದ್ದು ಏಕೆಂದು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಚರಣ ಬಹಳ ಮೆಲ್ಲಗೆ, ಬೇಸ್ ಮತ್ತು ದನಿಯ ಮೇಲೆ ನಡೆಯುತ್ತದೆ. ಪಲ್ಲವಿಗೆ ಬಂದಾಗ ಗಿಟಾರುಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ಮೆತ್ತಗೆ ಶುರುಮಾಡಿ ಜೋರಾಗಿ ಹೊಡೆಯುವುದು ಆ ಕಾಲದ ಅಮೆರಿಕನ್ ತಂಡಗಳೆಲ್ಲ ಮಾಡುತ್ತಿದ್ದ ಉಪಾಯವೇ. ಅವರಲ್ಲಿ ಆ ಜೋರು ಸಿಟ್ಟಾಗಿ ಬರುತ್ತಿತ್ತು. ಇಲ್ಲಿ ಪಲ್ಲವಿಯ ಶಬ್ದ ಎಷ್ಟೇ ದೊಡ್ಡದಾದರೂ ಹಾಡುವವರು ದನಿ ಏರಿಸುವುದಿಲ್ಲ. ಸುತ್ತಲಿನ ಲೋಕ ದೊಡ್ಡದಾಗುತ್ತದೆ, ಮನುಷ್ಯ ಇದ್ದಷ್ಟೇ ಇರುತ್ತಾನೆ. ಈ ಪ್ರಮಾಣಪ್ರಜ್ಞೆಯೇ ನನ್ನ ಮಟ್ಟಿಗೆ ಸ್ಲೋಡೈವ್.

ಆಲ್ಬಮ್ಮಿನ ಕೊನೆಯ ಹಾಡು ಡ್ಯಾಗರ್. ಒಂದು ಅಕೂಸ್ಟಿಕ್ ಗಿಟಾರು, ದನಿಗಳು, ಇನ್ನು ಹೆಚ್ಚೇನೂ ಇಲ್ಲ. ಒಂಬತ್ತು ಹಾಡುಗಳವರೆಗೆ ಹೊದಿಕೆಯ ಕೆಳಗಿದ್ದದ್ದನ್ನು ಹತ್ತನೆಯದರಲ್ಲಿ ತೆರೆದು ತೋರಿಸಿದ್ದಾರೆ.

ಇಂಥ ಆಲ್ಬಮ್ಮನ್ನು ಬ್ರಿಟಿಷ್ ಪತ್ರಿಕೆಗಳು ಬರಮಾಡಿಕೊಂಡ ರೀತಿ ಇಂದು ಓದಿದರೆ ನಗು ಬರುತ್ತದೆ, ಆಗ ಅವರಿಗೆ ಬಂದಿರಲಾರದು. ಇದನ್ನು ಮತ್ತೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸಾಯುವುದೇ ಮೇಲು ಎಂಬ ಅರ್ಥದ ಮಾತನ್ನು ಮೆಲಡಿ ಮೇಕರ್ ಪತ್ರಿಕೆಯ ವಿಮರ್ಶಕರು ಬರೆದರು. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ತಂಡದ ರಿಚಿ ಎಡ್ವರ್ಡ್ಸ್ ಅಂತೂ ತಾನು ಸ್ಲೋಡೈವನ್ನು ಹಿಟ್ಲರನಿಗಿಂತ ಹೆಚ್ಚು ದ್ವೇಷಿಸುವುದಾಗಿ ಹೇಳಿದ್ದರು. ಇಷ್ಟು ಸಿಟ್ಟು ಸಂಗೀತಕ್ಕೆ ಮಾತ್ರ ಸಂಬಂಧಿಸಿದ್ದಿರಲಾರದು. ಲಂಡನ್ನಿನ ಹೊರವಲಯದ ಅನುಕೂಲಸ್ಥ ಊರುಗಳಿಂದ ಬಂದ, ರಾಜಕೀಯದ ಘೋಷಣೆಗಳಿಲ್ಲದ, ಸಂದರ್ಶನದಲ್ಲಿ ಚುರುಕಾದ ಮಾತನ್ನೂ ಆಡದ ಈ ನಾಚಿಕೆಯ ಮಕ್ಕಳಲ್ಲಿ ಪತ್ರಿಕೆಗಳಿಗೆ ಬೇಕಾದ ಸುದ್ದಿ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಅಮೆರಿಕದಿಂದ ಗ್ರಂಜ್ ಎಂಬ ಒರಟು ರಾಕ್ ಬಂದಿತ್ತು, ಇಂಗ್ಲೆಂಡಿನಲ್ಲೇ ಸ್ವೇಡ್ ಮುಂತಾದ ತಂಡಗಳ ಬ್ರಿಟ್‌ಪಾಪ್ ತಲೆಯೆತ್ತುತ್ತಿತ್ತು. ಸುವ್ಲಾಕಿ ಬಂದ ವರ್ಷವೇ ಕ್ರಿಯೇಶನ್ ಸಂಸ್ಥೆ ಓಯಸಿಸ್ ತಂಡವನ್ನು ಸೇರಿಸಿಕೊಂಡಿತು. ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವರ ಕಾಲ ಬಂದಾಗ ನೆಲ ನೋಡುವವರಿಗೆ ಜಾಗವಿರಲಿಲ್ಲ.

ಮೆಗೀ ಮುಂದೆ ಒಂದು ಪಾಪ್ ಆಲ್ಬಮ್ ಕೇಳಿದರು. ಹಾಲ್‌ಸ್ಟೆಡ್ 1995ರಲ್ಲಿ ಪಿಗ್ಮೇಲಿಯನ್ ಕೊಟ್ಟರು. ಬೇಡಿಕೆಗೆ ಇಷ್ಟು ವಿರುದ್ಧವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಿಟಾರಿನ ಗೋಡೆಯನ್ನು ಅವರೇ ಕೆಡವಿ, ಆ ಕಾಲದ ಆಂಬಿಯೆಂಟ್ ಎಲೆಕ್ಟ್ರಾನಿಕ್ ಸಂಗೀತದ ಕಡೆಗೆ ಹೊರಳಿ, ಒಂದೆರಡು ಸ್ವರಗಳ ತುಣುಕುಗಳನ್ನು ಮತ್ತೆ ಮತ್ತೆ ಸುತ್ತಿಸಿ ಕಟ್ಟಿದ ಆಲ್ಬಮ್ ಇದು. ಮೊದಲ ಹಾಡು ರುಟ್ಟಿಯೇ ಹತ್ತು ನಿಮಿಷ ನಡೆಯುತ್ತದೆ, ಅದರಲ್ಲಿ ಶಬ್ದಗಳಷ್ಟೇ ಖಾಲಿ ಜಾಗವೂ ಇದೆ. ಕ್ರೇಜ಼ಿ ಫಾರ್ ಯೂ ಹಾಡಿನ ಸಾಹಿತ್ಯ ಬಹುತೇಕ ಒಂದೇ ವಾಕ್ಯ. ಅದು ಆವರ್ತನದಿಂದ ಆವರ್ತನಕ್ಕೆ ಅರ್ಥ ಕಳೆದುಕೊಳ್ಳುತ್ತ, ಹಾಗೆ ಕಳೆದುಕೊಳ್ಳುವುದರಿಂದಲೇ ತೀವ್ರವಾಗುತ್ತ ಹೋಗುತ್ತದೆ. ಸೈಮನ್ ಸ್ಕಾಟ್ ಆ ವೇಳೆಗೆ ತಂಡ ಬಿಟ್ಟಿದ್ದರು, ಅವರ ಜಾಗಕ್ಕೆ ಇಯನ್ ಮೆಕಚನ್ ಬಂದಿದ್ದರು. ಆಲ್ಬಮ್ ಬಿಡುಗಡೆಯಾದ ಒಂದು ವಾರದಲ್ಲೇ ಸಂಸ್ಥೆ ತಂಡವನ್ನು ಕೈಬಿಟ್ಟಿತು. ಸುವ್ಲಾಕಿಯಷ್ಟು ಪ್ರೀತಿಯಿಂದ ನಾನು ಪಿಗ್ಮೇಲಿಯನ್ ಕೇಳುವುದಿಲ್ಲ, ಆದರೆ ಅದರ ಬಗ್ಗೆ ನನಗಿರುವ ಗೌರವ ಹೆಚ್ಚು.

ಹಾಲ್‌ಸ್ಟೆಡ್, ಗಾಸ್ವೆಲ್ ಮತ್ತು ಮೆಕಚನ್ ಅದೇ ವರ್ಷ ಮೊಹಾವಿ 3 ಎಂಬ ಹೆಸರಿನಲ್ಲಿ 4ಎಡಿ ಸಂಸ್ಥೆಯಿಂದ ಅಕೂಸ್ಟಿಕ್ ಗಿಟಾರಿನ, ಅಮೆರಿಕನ್ ಕಂಟ್ರಿ ಮತ್ತು ಜಾನಪದದ ಕಡೆಗೆ ವಾಲಿದ ಆಲ್ಬಮ್ ಹೊರತಂದರು. ಹಾಡುಗಳ ಸ್ವಭಾವ ಮಾತ್ರ ಹಾಗೇ ಇತ್ತು. ಸ್ಕಾಟ್ ಎಲೆಕ್ಟ್ರಾನಿಕ್ ಮತ್ತು ಪರಿಸರದ ಧ್ವನಿಗಳ ಕಡೆಗೆ ಹೋಗಿ, ಪೂರ್ವ ಇಂಗ್ಲೆಂಡಿನ ತಗ್ಗುನೆಲದ ಸದ್ದುಗಳನ್ನು ಸಂಗ್ರಹಿಸಿ ಆಲ್ಬಮ್ ಮಾಡಿದರು. ಈ ನಡುವೆ, ಪತ್ರಿಕೆಗಳ ಆ ಸಿಟ್ಟಿನ ಪರಿಚಯವೇ ಇಲ್ಲದ ಹೊಸ ತಲೆಮಾರಿನವರು ಇಂಟರ್ನೆಟ್ಟಿನಲ್ಲಿ ಸುವ್ಲಾಕಿಯನ್ನು ಕಂಡುಕೊಂಡರು. 2014ರಲ್ಲಿ ಸ್ಕಾಟ್ ಸೇರಿದಂತೆ ಐವರೂ ಬಾರ್ಸಿಲೋನಾದ ಪ್ರೀಮವೇರಾ ಸೌಂಡ್ ಉತ್ಸವದಲ್ಲಿ ಒಂದೇ ವೇದಿಕೆಗೆ ಮರಳಿದಾಗ ಎದುರಿಗಿದ್ದ ಜನಸಮೂಹ ತೊಂಬತ್ತರ ದಶಕದಲ್ಲಿ ಅವರು ಕಂಡ ಯಾವ ಸಭೆಗಿಂತಲೂ ದೊಡ್ಡದಾಗಿತ್ತು.

ಮರಳಿ ಕೂಡಿದ ತಂಡಗಳು ಹಳೆಯದನ್ನೇ ಬಾಡಿಗೆಗೆ ಕೊಟ್ಟುಕೊಂಡಿರುವುದು ಸಾಮಾನ್ಯ. 2017ರಲ್ಲಿ ತಂಡದ ಹೆಸರನ್ನೇ ಹೊತ್ತು ಬಂದ ಆಲ್ಬಮ್ ಆ ಭಯವನ್ನು ಸುಳ್ಳಾಗಿಸಿತು. ಸ್ಟಾರ್ ರೋವಿಂಗ್ ಹಾಡಿನಲ್ಲಿ ಹಿಂದೆಂದೂ ಇಲ್ಲದ ಓಟವಿದೆ. ಶುಗರ್ ಫಾರ್ ದ ಪಿಲ್ ಹಾಡಿನಲ್ಲಿ ಗಿಟಾರಿನ ಒಂದು ಪುಟ್ಟ ಎಳೆಯಷ್ಟೇ ಹಾಡನ್ನು ಹೊರುತ್ತದೆ, ಉಳಿದ ವಾದ್ಯಗಳು ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತವೆ. ನಡುವಯಸ್ಸಿನ ದನಿಗಳು ಈ ಸಂಗೀತಕ್ಕೆ ಹದಿಹರೆಯದ ದನಿಗಳಿಗಿಂತ ಚೆನ್ನಾಗಿ ಒಗ್ಗುತ್ತವೆ ಎಂದು ನನಗೆ ಮನವರಿಕೆಯಾದದ್ದು ಈ ಆಲ್ಬಮ್ಮಿನಲ್ಲಿ.

2023ರ ಎವ್ರಿಥಿಂಗ್ ಈಸ್ ಅಲೈವ್, ಹಾಲ್‌ಸ್ಟೆಡ್ ಒಬ್ಬರೇ ಮಾಡ್ಯುಲರ್ ಸಿಂಥಸೈಜ಼ರಿನಲ್ಲಿ ಮಾಡಿಟ್ಟಿದ್ದ ಕರಡುಗಳಿಂದ ಬೆಳೆದದ್ದು. ಗಾಸ್ವೆಲ್ ಅವರ ತಾಯಿಗೂ ಸ್ಕಾಟ್ ಅವರ ತಂದೆಗೂ ಅದನ್ನು ಅರ್ಪಿಸಲಾಗಿದೆ, ಆ ಇಬ್ಬರೂ 2020ರಲ್ಲಿ ತೀರಿಕೊಂಡಿದ್ದರು. ಶ್ಯಾಂಟಿ ಹಾಡು ಸಿಂಥಸೈಜ಼ರಿನ ಒಂದು ತಿರುಗುವ ಎಳೆಯಿಂದ ಹೊರಟು ಕ್ರಮೇಣ ಇಡೀ ತಂಡವನ್ನು ಒಳಗೆ ಕರೆದುಕೊಳ್ಳುತ್ತದೆ. ಕಿಸಸ್ ಎಂಬ ಹಾಡು ಈ ತಂಡದ ಹಾಡುಗಳಲ್ಲೆಲ್ಲ ಪಾಪ್‌ಗೆ ಅತ್ಯಂತ ಹತ್ತಿರವಾದದ್ದು, ಮೆಗೀ ಆಗ ಕೇಳಿದ್ದು ಬಹುಶಃ ಇಂಥದ್ದನ್ನೇ. ಕೊನೆಯ ಹಾಡು ದ ಸ್ಲ್ಯಾಬ್ ಮಾತ್ರ ತನ್ನ ಭಾರಕ್ಕೆ ತಾನೇ ಕುಸಿದಂತೆ ತೋರುತ್ತದೆ, ಅದರೊಳಗೆ ಹಾಡು ಸಿಗುವುದಿಲ್ಲ. ಅದನ್ನೇ ಆಲ್ಬಮ್ಮಿನ ಶಿಖರವೆನ್ನುವ ಗೆಳೆಯರಿದ್ದಾರೆ, ಅವರೊಂದಿಗೆ ನನ್ನ ವಾದ ಇನ್ನೂ ಮುಗಿದಿಲ್ಲ.

ಎಲ್ಲಿಂದ ಶುರುಮಾಡಬೇಕೆಂದು ಕೇಳುವವರಿಗೆ ಸುವ್ಲಾಕಿಯನ್ನು ಕೊನೆಯಿಂದ ಕೇಳಿ ಎಂದು ಹೇಳುತ್ತೇನೆ: ಮೊದಲು ಡ್ಯಾಗರ್, ಆಮೇಲೆ ಆಲಿಸನ್, ಆಮೇಲೆ ವೆನ್ ದ ಸನ್ ಹಿಟ್ಸ್. ಹಾಡು ಯಾವುದು, ಅದರ ಸುತ್ತಲಿನ ಶಬ್ದ ಯಾವುದು ಎಂಬುದು ಈ ಮೂರರಲ್ಲೇ ಕಿವಿಗೆ ಗೊತ್ತಾಗುತ್ತದೆ. ಅದಾದ ಮೇಲೆ 2017ರ ಆಲ್ಬಮ್ಮನ್ನು ಕ್ರಮವಾಗಿ ಕೇಳಬಹುದು. ಪಿಗ್ಮೇಲಿಯನ್‌ಗೆ ಮಾತ್ರ ಅವಸರ ಮಾಡಬೇಡಿ. ಅದಕ್ಕೆ ಒಳ್ಳೆಯ ಹೆಡ್‌ಫೋನೂ ಬೇರೆ ಕೆಲಸವಿಲ್ಲದ ಒಂದು ಗಂಟೆಯೂ ಬೇಕು.